ಹತ್ತು ಕಡ್ಡಿ, ಒಂದು ಗೀರುಪಟ್ಟಿ

ನವಿಲುತೀರ್ಥದ ಗೇಟು ಮುಂಜಾನೆ ಎತ್ತ್ಯಾರಂತ.
ಕೊಣ್ಣೂರಿಗೆ ನೀರು ಮುಟ್ಟೂದು ಸಂಜೀಗೆ ಅಂದವರದಾರ,
ನಡುರಾತ್ರಿ ಅಂದವರೂ ಅದಾರ.
ಪಂಚಾಯ್ತಿ ಮೈಕು ಎರಡನ್ನೂ ಸಾರಿ
ಬ್ಯಾಟರಿ ತೀರಿ ಸುಮ್ಮನಾತು.

ಇಲ್ಲಿ ಒಂದು ಹನಿ ಮಳಿ ಇಲ್ಲ.
ಮಾಳಗಿ ಮ್ಯಾಲೆ ಹೆಸರು ಒಣಗಾಕತ್ತೈತಿ, ಬಿಸಲಂದ್ರ ಬಿಸಲು.
ಖಾನಾಪುರದ ಕಡೆ ಯಾರದೋ ಹೆಂಚಿನ ಮ್ಯಾಲೆ ಬಿದ್ದದ್ದು
ನಮ್ಮ ಹೊಸ್ತಲಾ ಕೇಳಕೊಂತ ಬರಾಕತ್ತೈತಿ.

ಸೇತುವಿಗೆ ಅಡ್ಡ ಬ್ಯಾರಿಕೇಡು. ಹಾಲಿನ ಗಾಡಿ ಆಚೆ ದಂಡಿಗೆ.
ಕರೆಂಟಿಲ್ಲ, ಗಿರಣಿ ಇಲ್ಲ,
ನಳದಾಗ ಎರಡು ದಿನದಿಂದ ಬರೇ ಉಸಿರು.
ಹೊಳಿಗೆ ಹೊಳಿನ ಮನಿಗೆ ಬರೂದೈತಿ,
ಕುಡ್ಯಾಕ ಅರ್ಧ ಕೊಡ ಉಳದೈತಿ.

ಅಂಗಡ್ಯಾಗ ಏನೈತಿ ನೀಲಗಂಗವ್ವಾ, ಅಂತ ಕೇಳ್ತಾರ.
ಕರ್ಪೂರ ಐತಿ. ಊದಿನಕಡ್ಡಿ ಎರಡು ಡಜನ್.
ಹೋದ ಗಣಪತಿಯ ಪಟಾಕಿ ಒಂದು ಡಬ್ಬಿ, ಬೀಡಿ, ಮೇಣಬತ್ತಿ ಒಂಬತ್ತು.
ಎಲ್ಲಾ ಬೆಂಕಿ ಬೇಡೂ ಸಾಮಾನು.
ಬೆಂಕಿ ಮಾತ್ರ ಮೂರು ಪೆಟ್ಟಿಗಿ.

ಕತ್ತರಿ ತೊಗೊಂಡೆ.
ಹತ್ತು ಕಡ್ಡಿ, ಒಂದು ಬೆರಳಗಲ ಗೀರುಪಟ್ಟಿ,
ಹಳೇ ಪೇಪರಿನ್ಯಾಗ ಸುತ್ತಿ ಪುಡಿ ಕಟ್ಟಿದೆ,
ಮಗ್ಗಲದ ಮಠದಾಗ ಅಂಗಾರ ಕಟ್ಟಿ ಕೊಟ್ಟಂಗ.
ಮನಿಗೊಂದು. ಮೇಣಬತ್ತಿ ಅರ್ಧ.
ಹುಚ್ಚೀರಪ್ಪ ಮಾಸ್ತರು ಎಣಿಸಿ ನೋಡಿ
'ಒಂಬತ್ತದಾವಲ್ಲ' ಅಂದ್ರು. ಇನ್ನೊಂದು ಕೊಟ್ಟೆ.

ಸೊಲ್ಲಾಪುರದ ಲಾರಿಯವ ಧೋಂಡಿಬಾ
ಒಂದು ಪೆಟ್ಟಿಗಿಗೆ ನೂರು ರೂಪಾಯಿ ಹಿಡದ.
ಆಗೂದಿಲ್ಲ ಅಂದೆ, ಅವಗೂ ಹತ್ತ ಕಡ್ಡಿ.
ಅಂವ ನಕ್ಕು ತಾಡಪಾಲು ಬಿಚ್ಚಿದ:
ಉಳ್ಳಾಗಡ್ಡಿ ಕೊಳಿಯೂಕಿಂತ ತಿಂದ್ರ ಪುಣ್ಯೇವು ಅಂದ.
ಆವತ್ತು ಊರಿಗೆ ಊರ
ಕಟಕ ರೊಟ್ಟಿ, ಉಳ್ಳಾಗಡ್ಡಿ.
ಕಣ್ಣಾಗ ನೀರು ಬಂದದ್ದು ಯಾಕಂತ ಯಾರೂ ಕೇಳೂಹಂಗಿರಲಿಲ್ಲ.

ಹಿಂದಿನ ಸಲ ಹೊಳಿ ಉದ್ರಿ ಬುಕ್ಕು ಒಯ್ದಿತ್ತು.
ಮೂವತ್ತೆಂಟು ಮನಿ ಲೆಕ್ಕ ಕೆಸರಾತು.
ಗೊತ್ತಿತ್ತು ಎಲ್ಲಾರಿಗೂ.
ನಾಕು ಮಂದಿ ಬಂದು ತಾವಾಗಿ ಕೊಟ್ರು,
ಉಳದವರು ಮರು ವರ್ಷದ ತನಕ
ನರಗುಂದಕ್ಕ ಹೋಗಿ ಸಂತಿ ಮಾಡಿದ್ರು.
ಇಮಾಮ್‌ಬಿ ಬಂದಾಕಿ, ಹದಿನೇಳು ರೂಪಾಯಿ.
ನನ್ನ ನೆನಪಿನ್ಯಾಗ ಹದಿನಾಲ್ಕಿತ್ತು.

ಈ ಸಲ ಬುಕ್ಕು ಅಟ್ಟಕ್ಕ ಏರೈತಿ,
ರೇಶನ್ ಕಾರ್ಡು, ಸಕ್ರಿ ಚೀಲ, ಅತ್ತಿಯ ಔಷಧದ ಜೋಡಿ.
ಇರುವಿ ಮೊದಲ ಏರ್ಯಾವ. ರೊಕ್ಕ ಕೊಡದ ಗಿರಾಕಿ.

ಹುಡುಗರು ಗುಡಿ ಪಾವಟಿಗಿಗೆ ಸುಣ್ಣದ ಗೆರಿ ಎಳದು
ಕಂದೀಲು ಹಿಡದು ಕುಂತಾವ.
'ಎಷ್ಟ್ರೋ?'
'ಗೇಣು.'
ತಾಸು ಬಿಟ್ಟು ಮತ್ತ 'ಎಷ್ಟ್ರೋ?'
'ಗೇಣ ಐತಿ, ಗೇಣು ಸಣ್ಣದಾಗೈತಿ.'

ಮೂರು ಪೆಟ್ಟಿಗಿ ಅಂದ್ನೆಲ್ಲಾ, ನಾಕಿದ್ದವು.
ನಾಕನೇದು ನನ್ನ ಟೊಂಕದಾಗ, ಸೀರಿ ಮಡಿಕ್ಯಾಗ.
ಅತ್ತಿಗೆ ರಾತ್ರಿ ದಮ್ಮು ಹತ್ತತೈತಿ, ಬಿಸಿನೀರು ಬೇಕು
ಅಂತ ನನಗ ನಾನ ಹೇಳಿದ್ದೆ.
ಬ್ಯಾರೆ ಯಾರೂ ಕೇಳಿರಲಿಲ್ಲ.

ಕೋಳಿ ಕೂಗೂ ಹೊತ್ತಿಗೆ ಅತ್ತಿ ಕೆಮ್ಮಿದ್ರು.
ಪೆಟ್ಟಿಗಿ ತಗದು ಗೀರಿದೆ. ಹತ್ತಲಿಲ್ಲ.
ಇನ್ನೊಂದು. ಮದ್ದು ಬೆಲ್ಲದಂಗ ಬೆರಳಿಗೆ ಮೆತ್ತಿತು.
ಹೊಳಿ ಇನ್ನೂ ಮುಟ್ಟಿರಲಿಲ್ಲ ನನ್ನ,
ನನ್ನ ಬೆವರ ಮುಟ್ಟಿತ್ತು.

ಕತ್ತಲಾಗ ನಡುವಿನ ಗ್ವಾಡಿ ಬಡದೆ.
ಇಮಾಮ್‌ಬಿ ಪುಡಿ ಬಿಚ್ಚಿ ತಡವರಿಸಿ ಎಣಿಸಿದ್ಲು, ಆರಿದ್ದವು.
ಮೂರು ಕೊಟ್ಲು, ಗೀರುಪಟ್ಟಿ ಹರದು ಅರ್ಧ ಕೊಟ್ಲು.
'ಬರಕೊಳ್ಳೇನವಾ ನಾನೂ?' ಅಂದು ನಕ್ಲು.
ನನ್ನ ಬಾಯಾಗಿಂದ ನಗು ಹೊಂಡಲಿಲ್ಲ.

ನೀರು ಕಾಸೀದೆ.
ಹೊರಗ ಹುಡುಗರು ಮಕ್ಕೊಂಡಾವ.
ಗೆರಿ ಕಾಣವಲ್ಲದು,
ನೀರು ನುಂಗೇತೋ, ಕಂದೀಲು ಆರೇತೋ.